ಜೀನ್ ಕೆಟ್ಟಿರುವುದಿಲ್ಲ, ಅದರ ಕೈ ಕಟ್ಟಿಹಾಕಿರುತ್ತದೆ

"ಇದು ವಂಶದಿಂದ ಬರುವುದೇ ಡಾಕ್ಟರೇ? ನನಗೂ ಬರುತ್ತದೆಯೇ?" ಅಮ್ಮನ ಬಯಾಪ್ಸಿ ವರದಿ ಒಯ್ಯಲು ಮಂಗಳೂರಿನ ನಮ್ಮ ಪೆಥಾಲಜಿ ವಿಭಾಗಕ್ಕೆ ಬರುವ ಹೆಣ್ಣುಮಕ್ಕಳು ಕೇಳುವ ಮಾತಿದು. ಸ್ತನ ಕ್ಯಾನ್ಸರ್‌ನಲ್ಲಿ ಕೆಲವು ಮನೆತನಗಳಿಗೆ ಆ ಭಯ ನ್ಯಾಯವಾದದ್ದೇ. ಗರ್ಭಕಂಠದ ಕ್ಯಾನ್ಸರ್ ಹಾಗಲ್ಲ. ಅದರ ಮೂಲ ಹೆಚ್ಚುಕಡಿಮೆ ಯಾವಾಗಲೂ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು.

ಲಗಾಮಿಲ್ಲದೆ ಬೆಳೆಯುವ ಕೋಶವನ್ನು ತಡೆಯುವ ಜೀನ್‌ಗಳು ನಮ್ಮೆಲ್ಲರಲ್ಲೂ ಇವೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ53 ಎಂಬ ಜೀನ್ ಕೋಶದ ವಿಭಜನೆಯನ್ನು ನಿಲ್ಲಿಸುತ್ತದೆ, ದುರಸ್ತಿಯಾಗದಿದ್ದರೆ ಕೋಶವನ್ನೇ ಕೊಲ್ಲಿಸುತ್ತದೆ. ಅಪ್ಪಣೆ ಸಿಗುವವರೆಗೆ ಕೋಶ ಎರಡಾಗಿ ಒಡೆಯದಂತೆ ಆರ್‌ಬಿ ಎಂಬ ಇನ್ನೊಂದು ಜೀನ್ ನೋಡಿಕೊಳ್ಳುತ್ತದೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಪಿ53 ಜೀನೇ ಹಾಳಾಗಿರುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಅದು ನೆಟ್ಟಗೇ ಇರುತ್ತದೆ. ವೈರಸ್ಸಿನ ಇ6 ಪ್ರೋಟೀನು, ಆ ಜೀನ್ ತಯಾರಿಸಿದ ಪಿ53ಯನ್ನು ಹಿಡಿದು ಕೋಶದ ಕಸ ಒಡೆಯುವ ವ್ಯವಸ್ಥೆಗೆ ಒಪ್ಪಿಸುತ್ತದೆ. ಇ7 ಪ್ರೋಟೀನು ಆರ್‌ಬಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ಇದರ ಗುರುತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಟ್ಟುತ್ತದೆ. ಪಿ16 ಕೂಡ ಬೆಳವಣಿಗೆಗೆ ಅಡ್ಡ ನಿಲ್ಲುವ ಜೀನ್. ಆರ್‌ಬಿ ನಿಷ್ಕ್ರಿಯವಾದಾಗ ಪಿ16 ವಿಪರೀತ ಹೆಚ್ಚುತ್ತದೆ, ಆದರೆ ಅದರ ಮಾತು ಕೇಳಬೇಕಾದ ಆರ್‌ಬಿಯೇ ಕೆಲಸಕ್ಕಿಲ್ಲ. ಪಿ16 ಇರುವೆಡೆ ಕಂದಾಗುವಂತೆ ಬಣ್ಣ ಹಾಕಿದ ಸ್ಲೈಡಿನಲ್ಲಿ ತಳದ ಪದರದಿಂದ ಮೇಲಕ್ಕೆ ಒಂದೂ ಕೋಶ ಬಿಡದೆ ಕಡು ಕಂದು ಹರಡಿಕೊಂಡಿರುತ್ತದೆ. ಕ್ಯಾನ್ಸರ್‌ಗೆ ಮುಂಚಿನ ಹಂತವನ್ನು ಖಚಿತಪಡಿಸಲು ನಾವು ನೆಚ್ಚಿಕೊಳ್ಳುವ ಕುರುಹು ಅದು.

ಹಾಗಾದರೆ ಕಟ್ಟು ಬಿಚ್ಚಿದರೆ? ವೈರಸ್ಸಿನಲ್ಲೇ ಇ2 ಎಂಬ ಜೀನ್ ಇದೆ. ಇ6, ಇ7 ಅತಿಯಾಗದಂತೆ ಅದುಮಿಡುವುದು ಅದೇ. ವೈರಸ್ಸಿನ ಡಿಎನ್‌ಎ ನಮ್ಮ ವರ್ಣತಂತುವಿಗೆ ಸೇರಿಕೊಳ್ಳುವಾಗ ಅನೇಕ ಬಾರಿ ಇ2 ತುಂಡಾಗುತ್ತದೆ, ಹತೋಟಿ ತಪ್ಪುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗಡ್ಡೆಯಿಂದ ತೆಗೆದ ಹೀಲಾ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ. ಅಂಥ ಕೋಶಗಳಿಗೂ ಇ2 ಸೇರಿಸಿದಾಗ ಪಿ53, ಆರ್‌ಬಿ ಮತ್ತೆ ಕೆಲಸಕ್ಕಿಳಿದವು, ಕೋಶಗಳು ವಿಭಜಿಸುವುದನ್ನು ಬಿಟ್ಟು ಮುಪ್ಪಾದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಆಶಾದಾಯಕ ಫಲಿತಾಂಶ ಇದು. ಆದರೆ ತಟ್ಟೆಯಲ್ಲಿ ಸಾಧ್ಯವಾದದ್ದನ್ನು ಗಡ್ಡೆಯ ಪ್ರತಿಯೊಂದು ಕೋಶಕ್ಕೂ ತಲುಪಿಸುವುದು ಬಹಳ ಕಷ್ಟ. "ಜೀನ್ ಚಿಕಿತ್ಸೆ ಬಂದಿದೆಯಂತೆ" ಎಂದು ಶಸ್ತ್ರಚಿಕಿತ್ಸೆಯನ್ನೋ ರೇಡಿಯೇಷನ್ನನ್ನೋ ಮುಂದೂಡಬೇಡಿ.

ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಅಷ್ಟು ದೀರ್ಘ ಅವಕಾಶವಿದ್ದೂ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವವರು ನಮ್ಮಲ್ಲಿದ್ದಾರೆ. ಆ ನಾಚಿಕೆಯೇ ನನ್ನನ್ನು ಹೆಚ್ಚು ನೋಯಿಸುವುದು. 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಇ6, ಇ7 ಒಳಹೊಗುವ ದಾರಿಯೇ ಬಹುಮಟ್ಟಿಗೆ ಮುಚ್ಚುತ್ತದೆ. 30 ದಾಟಿದವರು ಪ್ಯಾಪ್ (ಗರ್ಭಕಂಠದ ಕೋಶಗಳನ್ನು ಸವರಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಲಸಿಕೆ ವೈರಸ್ಸಿನ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲವಾದ್ದರಿಂದ ಲಸಿಕೆ ಪಡೆದವರಿಗೂ ಆ ವಯಸ್ಸಿನಲ್ಲಿ ಪರೀಕ್ಷೆ ಬೇಕು.