ಮತ ಹೆಚ್ಚಾದರೂ ಸೋಲು: ಕರ್ನಾಟಕದ ಫಲಿತಾಂಶಗಳ 40 ವರ್ಷದ ಲೆಕ್ಕ

2023ರ ಮೇ 13ರಂದು ಕರ್ನಾಟಕ ವಿಧಾನಸಭೆಯ ಫಲಿತಾಂಶ ಬಂತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಉಳಿದ ನಾಲ್ಕು ಸೀಟು ಇತರರಿಗೆ. ಸಂಜೆಯ ಹೊತ್ತಿಗೆ ಎಲ್ಲಾ ಚಾನೆಲ್‌ಗಳಲ್ಲೂ ಒಂದೇ ಮಾತು: ಜನ ಬಿಜೆಪಿಯನ್ನು ತಿರಸ್ಕರಿಸಿದ್ದಾರೆ.

ಸೀಟಿನ ಲೆಕ್ಕದಲ್ಲಿ ಆ ಮಾತು ಸರಿಯೇ. 2018ರಲ್ಲಿ 104 ಇದ್ದ ಪಕ್ಷ 66ಕ್ಕೆ ಇಳಿದಿತ್ತು. ಆದರೆ ಮತದ ಲೆಕ್ಕ ಬೇರೆಯೇ ಇದೆ. 2018ರಲ್ಲಿ ಬಿಜೆಪಿಗೆ ಸುಮಾರು 1 ಕೋಟಿ 33 ಲಕ್ಷ ಮತ ಬಿದ್ದಿತ್ತು. 2023ರಲ್ಲಿ ಬಿದ್ದದ್ದು ಸುಮಾರು 1 ಕೋಟಿ 40 ಲಕ್ಷ. ಶೇಕಡಾವಾರು ನೋಡಿದರೆ ಆಗ ಶೇ 36.3, ಈಗ ಶೇ 36. ಅಂದರೆ ಆ ಪಕ್ಷದ ಮತ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಳೆದುಕೊಂಡದ್ದು 38 ಸೀಟು.

ಇದು ಒಂದು ಸಲದ ಆಕಸ್ಮಿಕ ಅಲ್ಲ. ಕಳೆದ 40 ವರ್ಷದ ಫಲಿತಾಂಶಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಇದು ಮತ್ತೆ ಮತ್ತೆ ಕಾಣುತ್ತದೆ. 1985ರಿಂದ ಈಚೆಗೆ ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದ ಯಾವ ಪಕ್ಷವೂ ಮತ್ತೆ ಗೆದ್ದು ಬಂದಿಲ್ಲ. ಅದಕ್ಕೇ ಇಲ್ಲಿನ ಮತದಾರರು ಪ್ರತಿ ಸಲ ಸರ್ಕಾರವನ್ನು ಕಿತ್ತುಹಾಕುತ್ತಾರೆ ಅಂತ ನಾವೆಲ್ಲ ಹೇಳುತ್ತಲೇ ಬಂದಿದ್ದೇವೆ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಾಗಬೇಕಾದರೆ ಎಷ್ಟು ಮತ ಬಿತ್ತು ಅನ್ನುವುದರ ಜೊತೆಗೆ ಎಲ್ಲಿ ಬಿತ್ತು ಅಂತಲೂ ಕೇಳಬೇಕು.

1983ರ ಜನವರಿಯಿಂದ ಶುರು ಮಾಡೋಣ. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ. ನರಗುಂದ, ನವಲಗುಂದದ ರೈತ ಹೋರಾಟ ಆಗಿತ್ತು. ಗೋಕಾಕ್ ಚಳವಳಿ ನಡೆದಿತ್ತು. ಕಾಂಗ್ರೆಸ್ ಬಗ್ಗೆ ಸಿಟ್ಟು ಊರೂರಲ್ಲಿತ್ತು. ಫಲಿತಾಂಶ ಬಂದಾಗ ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ನಮ್ಮ ರಾಜಕೀಯದ ದಾರಿ ಬದಲಾದ ವರ್ಷ ಅಂತ ಇವತ್ತಿಗೂ ಹೇಳುತ್ತೇವೆ, ಹೇಳಲೇಬೇಕು.

ಆದರೆ ಅವತ್ತು ಯಾರಿಗೆ ಹೆಚ್ಚು ಮತ ಬಿದ್ದಿತ್ತು ಗೊತ್ತಾ? ಕಾಂಗ್ರೆಸ್‌ಗೆ. ಅದಕ್ಕೆ ಶೇ 40.4, ಜನತಾ ಪಕ್ಷಕ್ಕೆ ಶೇ 33. ಏಳು ಪರ್ಸೆಂಟ್ ಹಿಂದಿದ್ದ ಪಕ್ಷ 13 ಸೀಟು ಜಾಸ್ತಿ ಗೆದ್ದಿತ್ತು. ಕಾಂಗ್ರೆಸ್ ರಾಜ್ಯದ ಎಲ್ಲಾ ಮೂಲೆಯಲ್ಲೂ ನಿಂತಿತ್ತು, ಎಲ್ಲಾ ಕಡೆ ಒಂದಿಷ್ಟು ಮತ ಪಡೆದಿತ್ತು. ಜನತಾ ಪಕ್ಷ ಎಲ್ಲಾ ಕ್ಷೇತ್ರಗಳಲ್ಲಿ ಅಭ್ಯರ್ಥಿ ಹಾಕಿರಲಿಲ್ಲ. ಹಾಕಿದ ಕಡೆ ಗೆಲ್ಲುವಷ್ಟು ಮತ ಗಟ್ಟಿಯಾಗಿ ಸೇರಿತ್ತು.

ಇದು ಹೇಗೆ ಸಾಧ್ಯ ಅಂತ ಸಣ್ಣ ಲೆಕ್ಕ ಹಾಕಿ ನೋಡೋಣ. ಮೂರು ಕ್ಷೇತ್ರ ಇವೆ ಅಂದುಕೊಳ್ಳಿ, ಒಂದೊಂದರಲ್ಲಿ 1 ಲಕ್ಷ ಮತ. ಮೊದಲ ಪಕ್ಷಕ್ಕೆ ಮೂರೂ ಕಡೆ 45 ಸಾವಿರ ಮತ ಸಿಕ್ಕಿದೆ. ಎರಡನೇ ಪಕ್ಷಕ್ಕೆ ಎರಡು ಕಡೆ 48 ಸಾವಿರ, ಮೂರನೇ ಕ್ಷೇತ್ರದಲ್ಲಿ ಬರೀ 5 ಸಾವಿರ. ಮೂರನೇ ಪಕ್ಷಕ್ಕೆ ಮೊದಲ ಎರಡು ಕಡೆ ತಲಾ 7 ಸಾವಿರ, ಆದರೆ ಕೊನೆಯ ಕ್ಷೇತ್ರದಲ್ಲಿ 50 ಸಾವಿರ. ಈಗ ಕೂಡಿಸಿ. ಮೊದಲ ಪಕ್ಷಕ್ಕೆ 1 ಲಕ್ಷ 35 ಸಾವಿರ ಮತ, ಸೀಟು ಸೊನ್ನೆ. ಎರಡನೆಯದಕ್ಕೆ 1 ಲಕ್ಷ 1 ಸಾವಿರ ಮತ, ಸೀಟು ಎರಡು. ಮೂರನೆಯದಕ್ಕೆ 64 ಸಾವಿರ ಮತ, ಸೀಟು ಒಂದು. ಎಲ್ಲಾ ಕಡೆ ಎರಡನೇ ಸ್ಥಾನ ಬಂದವರಿಗೆ ವಿಧಾನಸಭೆಯಲ್ಲಿ ಕುರ್ಚಿ ಇಲ್ಲ.

ಈ ಲೆಕ್ಕದ ಮೊದಲ ಪಕ್ಷದ ಜಾಗದಲ್ಲಿ ಕಾಂಗ್ರೆಸ್, ಎರಡನೆಯದರಲ್ಲಿ ಬಿಜೆಪಿ, ಮೂರನೆಯದರಲ್ಲಿ ಜೆಡಿಎಸ್ ಅಂತ ಬರೆದರೆ 2004ರಿಂದ 2018ರವರೆಗಿನ ಕರ್ನಾಟಕದ ಬಹುಪಾಲು ಕಥೆ ಬಂದುಬಿಡುತ್ತದೆ. ಕರಾವಳಿಯಿಂದ ಬೆಳಗಾವಿ, ಬೀದರ್‌ವರೆಗೆ ಕಾಂಗ್ರೆಸ್ಸಿಗೆ ಬಿಜೆಪಿ ಎದುರಾಳಿ. ಮಂಡ್ಯ, ಹಾಸನ, ರಾಮನಗರದ ಕಡೆ ಜೆಡಿಎಸ್ ಎದುರಾಳಿ. ಹಳೇ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಬಿಜೆಪಿಗೆ ಹೆಸರಿಗಷ್ಟೇ ಮತ ಬೀಳುತ್ತಿತ್ತು. ಸೋಲುವ ಕಡೆ ಅದರ ಮತ ಹೆಚ್ಚು ವ್ಯರ್ಥ ಆಗುತ್ತಿರಲಿಲ್ಲ.

ಅದಕ್ಕೂ ಮೊದಲು 1985 ಮತ್ತು 1999ನ್ನು ನೋಡಲೇಬೇಕು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ರಾಜ್ಯದ 28ರಲ್ಲಿ 4 ಮಾತ್ರ ಗೆದ್ದಿತು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಕೆಲವೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, 139 ಸೀಟು ಗೆದ್ದು ಬಂದರು. ಕಾಂಗ್ರೆಸ್‌ಗೆ ಸಿಕ್ಕಿದ್ದು 65. ಅದರ ಮತ ಎಷ್ಟು? ಶೇ 40.8ರ ಆಸುಪಾಸು.

1999ರಲ್ಲಿ ಎಸ್.ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ 132 ಸೀಟು ಗೆದ್ದಿತು. ಆಗ ಅದರ ಮತ? ಅದೂ ಶೇ 40.8ರ ಆಸುಪಾಸು!

ಮತ ಅಷ್ಟೇ, ಒಮ್ಮೆ 65 ಸೀಟು, ಇನ್ನೊಮ್ಮೆ 132. ವ್ಯತ್ಯಾಸ ಇದ್ದದ್ದು ಎದುರಾಳಿಗಳಲ್ಲಿ. 1985ರಲ್ಲಿ ಕಾಂಗ್ರೆಸ್ ವಿರೋಧಿ ಮತವೆಲ್ಲ ಜನತಾ ಪಕ್ಷದ ಕಡೆ ಹರಿದಿತ್ತು. ಬಿಜೆಪಿ 18ರಿಂದ 2 ಸೀಟಿಗೆ ಕುಸಿದಿತ್ತು. ಹೆಚ್ಚಿನ ಕಡೆ ನೇರ ಸ್ಪರ್ಧೆ. ನೇರ ಸ್ಪರ್ಧೆಯಲ್ಲಿ ಶೇ 40 ಸಾಲುವುದಿಲ್ಲ. 1999ರ ಹೊತ್ತಿಗೆ ಜನತಾ ದಳ ಒಡೆದು ಎರಡಾಗಿತ್ತು. ಒಂದು ಕಡೆ ಬಿಜೆಪಿ ಜೊತೆ ಕೈಜೋಡಿಸಿದ ಜೆಡಿಯು, ಇನ್ನೊಂದು ಕಡೆ ಎಚ್.ಡಿ. ದೇವೇಗೌಡರ ಜೆಡಿಎಸ್. ಬಿಜೆಪಿಗೆ ಶೇ 20.7, ಜೆಡಿಯುಗೆ ಶೇ 13.5, ಜೆಡಿಎಸ್‌ಗೆ ಶೇ 10.4. ಎದುರಿನ ಮತ ಹೀಗೆ ಹರಿದು ಹಂಚಿಹೋದಾಗ ಶೇ 40 ಭಾರಿ ಬಹುಮತ ಆಗುತ್ತದೆ.

ನಡುವಿನ ಎರಡು ಚುನಾವಣೆಗಳನ್ನು ಬೇಗ ದಾಟಬಹುದು. 1989ರಲ್ಲಿ ಜನತಾ ಪರಿವಾರ ಒಡೆದಿತ್ತು. ವೀರೇಂದ್ರ ಪಾಟೀಲರ ಕಾಂಗ್ರೆಸ್ ಶೇ 43.8 ಮತದಲ್ಲಿ 178 ಸೀಟು ಬಾಚಿಕೊಂಡಿತು. 1994ರಲ್ಲಿ ಬಂಗಾರಪ್ಪ ಬೇರೆ ಪಕ್ಷ ಕಟ್ಟಿದರು, ಕಾಂಗ್ರೆಸ್ ಶೇ 27ಕ್ಕೆ ಕುಸಿದು 34 ಸೀಟಿಗೆ ಬಂತು. ದೇವೇಗೌಡರ ಜನತಾ ದಳ 115 ಗೆದ್ದಿತು. ಈ ಎರಡರಲ್ಲೂ ಆಡಳಿತ ಪಕ್ಷದ ಮತ ನಿಜವಾಗಿಯೂ ಬಿದ್ದುಹೋಗಿತ್ತು. ಜನ ಕಿತ್ತುಹಾಕಿದರು ಅನ್ನುವ ಮಾತು ಇಲ್ಲಿ ಪೂರ್ತಿ ಒಪ್ಪುತ್ತದೆ.

2004ರಿಂದ ಲೆಕ್ಕ ಮತ್ತೆ ತಿರುಗಿತು. ಕಾಂಗ್ರೆಸ್‌ಗೆ ಶೇ 35.3, ಸೀಟು 65. ಬಿಜೆಪಿಗೆ ಶೇ 28.3, ಸೀಟು 79. ಜೆಡಿಎಸ್‌ಗೆ ಶೇ 20.8, ಸೀಟು 58. ಯಾರಿಗೂ ಬಹುಮತ ಇಲ್ಲ. ಮೊದಲು ಧರಂ ಸಿಂಗ್, ಆಮೇಲೆ 2006ರಲ್ಲಿ ಬಿಜೆಪಿ ಜೊತೆ ಸೇರಿ ಎಚ್.ಡಿ. ಕುಮಾರಸ್ವಾಮಿ, ಕೊನೆಗೆ ಒಂದು ವಾರ ಬಿ.ಎಸ್. ಯಡಿಯೂರಪ್ಪ. ಅದಾದ ಮೇಲೆ ರಾಷ್ಟ್ರಪತಿ ಆಳ್ವಿಕೆ. ಅದೇ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ವಿರುದ್ಧ ಒಂದೇ ಒಂದು ಮತದಿಂದ ಗೆದ್ದರು. 40,752 ಮತ್ತು 40,751. ನನ್ನ ಒಂದು ವೋಟಿನಿಂದ ಏನಾಗುತ್ತೆ ಅನ್ನುವವರಿಗೆ ಈ ಎರಡು ಸಂಖ್ಯೆ ತೋರಿಸಿದರೆ ಸಾಕು.

2008ರ ಚುನಾವಣೆ ಹೊಸದಾಗಿ ಗಡಿ ಗುರುತಿಸಿದ ಕ್ಷೇತ್ರಗಳಲ್ಲಿ ನಡೆಯಿತು. ಬೆಂಗಳೂರು ನಗರದ ಸೀಟುಗಳು 28ಕ್ಕೆ ಏರಿದವು. ಬಿಜೆಪಿಗೆ ನಗರದಲ್ಲಿ ಒಳ್ಳೆಯ ಹಿಡಿತ ಇತ್ತು, ಅದರಲ್ಲಿ ಹೆಚ್ಚಿನವು ಅದಕ್ಕೇ ಹೋದವು. ಒಟ್ಟು ಮತದಲ್ಲಿ ಕಾಂಗ್ರೆಸ್ ಆಗಲೂ ಮುಂದೆ: ಶೇ 34.8. ಬಿಜೆಪಿ ಶೇ 33.9. ಸೀಟು ಮಾತ್ರ 80 ಮತ್ತು 110. ಬಹುಮತಕ್ಕೆ 113 ಬೇಕು, ಮೂರು ಕಡಿಮೆ. ಪಕ್ಷೇತರರನ್ನು ಸೇರಿಸಿಕೊಂಡು ಯಡಿಯೂರಪ್ಪ ಸರ್ಕಾರ ಮಾಡಿದರು. ದಕ್ಷಿಣ ಭಾರತದಲ್ಲಿ ಬಿಜೆಪಿಯ ಮೊದಲ ಸ್ವಂತ ಸರ್ಕಾರ. ಶಾಸಕರಿಂದ ರಾಜೀನಾಮೆ ಕೊಡಿಸಿ ತಮ್ಮ ಚಿಹ್ನೆಯಲ್ಲಿ ನಿಲ್ಲಿಸುವ ‘ಆಪರೇಷನ್ ಕಮಲ’ ಮನೆಮಾತಾದದ್ದೂ ಆಗಲೇ.

2013ರ ಚುನಾವಣೆಯ ಹೊತ್ತಿಗೆ ಬಿಜೆಪಿ ಬಿಟ್ಟು ಯಡಿಯೂರಪ್ಪ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದ್ದರು, ಬಿ. ಶ್ರೀರಾಮುಲು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದ್ದರು. ಬಿಜೆಪಿ ಮತ ಶೇ 19.9ಕ್ಕೆ ಇಳಿಯಿತು. ಕೆಜೆಪಿ ಶೇ 9.8 ಕಿತ್ತುಕೊಂಡಿತು, ಗೆದ್ದದ್ದು 6 ಸೀಟು. ಈ ಒಡಕಿನ ಲಾಭ ಕಾಂಗ್ರೆಸ್‌ಗೆ ಬಂತು. ಅದರ ಮತ ಏರಿದ್ದು ಶೇ 34.8ರಿಂದ ಶೇ 36.6ಕ್ಕೆ, ಎರಡು ಪರ್ಸೆಂಟೂ ಇಲ್ಲ. ಸೀಟು 80ರಿಂದ 122ಕ್ಕೆ ಹಾರಿತು. ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು.

ಐದು ವರ್ಷ ಪೂರ್ತಿ ಆಡಳಿತ ಮಾಡಿ ಅವರು 2018ರಲ್ಲಿ ಮತ ಕೇಳಿದರು. ಕಾಂಗ್ರೆಸ್ ಮತ ಇನ್ನೂ ಏರಿ ಶೇ 38.1 ಆಯಿತು. ಗೆದ್ದಾಗ ಇದ್ದದ್ದಕ್ಕಿಂತ ಜಾಸ್ತಿ! ಆದರೂ ಸೀಟು 122ರಿಂದ 80ಕ್ಕೆ ಬಿತ್ತು. ಶೇ 36.3 ಪಡೆದ ಬಿಜೆಪಿ 104 ಗೆದ್ದಿತು. ಒಡೆದಿದ್ದ ಮನೆ ಮತ್ತೆ ಒಂದಾಗಿತ್ತು, ಅಷ್ಟೇ. ಇತ್ತ ಜೆಡಿಎಸ್ ಮಂಡ್ಯದ 7ಕ್ಕೆ 7, ಹಾಸನದ 7ರಲ್ಲಿ 6 ಗೆದ್ದುಕೊಂಡಿತು. ಆ ಎರಡು ಜಿಲ್ಲೆಗಳಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಲಕ್ಷಾಂತರ ಮತದಿಂದ ಒಬ್ಬ ಶಾಸಕನೂ ಬರಲಿಲ್ಲ. ಸಿದ್ದರಾಮಯ್ಯ ಸರ್ಕಾರವನ್ನು ಜನ ತಿರಸ್ಕರಿಸಿದರು ಅಂತ ಆಗ ಬರೆದವರು ಶೇ 38.1 ಅನ್ನುವ ಈ ಒಂದು ಅಂಕಿಯನ್ನು ಓದುಗರ ಮುಂದೆ ಇಡಬೇಕಿತ್ತು. ನಮ್ಮ ಪ್ರಜಾಪ್ರಭುತ್ವದ ಬಗ್ಗೆ ಜನರಿಗೆ ಹೇಳುವಾಗ ಅರ್ಧ ಲೆಕ್ಕ ಹೇಳಬಾರದು.

ಆಮೇಲೆ ಆದದ್ದು ಎಲ್ಲರಿಗೂ ನೆನಪಿದೆ. ಯಡಿಯೂರಪ್ಪ ಮೇ 17ಕ್ಕೆ ಪ್ರಮಾಣವಚನ ತಗೊಂಡು 19ಕ್ಕೆ ರಾಜೀನಾಮೆ ಕೊಟ್ಟರು. ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರ 14 ತಿಂಗಳು ನಡೆಯಿತು. 2019ರ ಜುಲೈ 23ರಂದು ವಿಶ್ವಾಸಮತದಲ್ಲಿ 99–105ರಿಂದ ಬಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದು ಸರ್ಕಾರ ಗಟ್ಟಿಮಾಡಿಕೊಂಡಿತು. ಅದರಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯೂ ಇತ್ತು. ಹಳೇ ಮೈಸೂರಿನಲ್ಲಿ ಬೇರು ಬಿಡಬೇಕು ಅನ್ನುವ ಪಕ್ಷದ ಬಹುದಿನದ ಆಸೆಗೆ ಅದು ದೊಡ್ಡ ಬಲ ಕೊಟ್ಟಿತು.

ಆ ಆಸೆಯೇ 2023ರಲ್ಲಿ ಲೆಕ್ಕ ತಿರುಗಿಸಿದ್ದರಲ್ಲಿ ಒಂದು ಪಾಲು. ಹಳೇ ಮೈಸೂರಿನಲ್ಲಿ ಬಿಜೆಪಿ ಜೋರಾಗಿ ಪ್ರಚಾರ ಮಾಡಿತು. ಕನಕಪುರದಲ್ಲಿ ಆರ್. ಅಶೋಕ್, ವರುಣಾದಲ್ಲಿ ವಿ. ಸೋಮಣ್ಣ ಅವರಂಥ ದೊಡ್ಡ ನಾಯಕರನ್ನು ನಿಲ್ಲಿಸಿತು. ಅಲ್ಲಿ ಮತ ಏರಿತು, ಬೆಂಗಳೂರಲ್ಲೂ ಏರಿತು. ಆದರೆ ಮಂಡ್ಯದಲ್ಲಿ ಒಂದೂ ಸೀಟು ಬರಲಿಲ್ಲ, ಕೆ.ಆರ್. ಪೇಟೆಯೂ ಕೈಬಿಟ್ಟಿತು. ಅದೇ ಹೊತ್ತಿಗೆ ಕಿತ್ತೂರು ಕರ್ನಾಟಕ, ಮಧ್ಯ ಕರ್ನಾಟಕದಂಥ ಗೆಲ್ಲುವ ನೆಲದಲ್ಲಿ ಮತ ಇಳಿಯಿತು. ಬೆಲೆ ಏರಿಕೆ, ‘40 ಪರ್ಸೆಂಟ್’ ಕಮಿಷನ್ ಆರೋಪ, ಟಿಕೆಟ್ ಸಿಗದೆ ಲಕ್ಷ್ಮಣ ಸವದಿ, ಜಗದೀಶ ಶೆಟ್ಟರ್ ಹೊರಟುಹೋದದ್ದು, ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳು, ಎಲ್ಲವೂ ಸೇರಿತ್ತು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15ರಲ್ಲಿ ಬಿಜೆಪಿಗೆ ಒಂದೂ ಸಿಗಲಿಲ್ಲ. ಚಿಕ್ಕಮಗಳೂರಿನ ಐದೂ ಕಾಂಗ್ರೆಸ್ ಪಾಲಾಯಿತು. ಕೊಡಗಿನ ಎರಡೂ ಹೋಯಿತು. ಹಿಂದೆಲ್ಲ ಕಾಂಗ್ರೆಸ್‌ಗೆ ಆಗುತ್ತಿದ್ದದ್ದು ಈ ಸಲ ಬಿಜೆಪಿಗೆ ಆಯಿತು: ಮತ ಬಿತ್ತು, ಗೆಲ್ಲುವ ಜಾಗದಲ್ಲಿ ಬೀಳಲಿಲ್ಲ.

ಪುತ್ತೂರನ್ನು ನೋಡಿ. ಬಿಜೆಪಿಯ ಭದ್ರಕೋಟೆ. ಟಿಕೆಟ್ ವಿಷಯಕ್ಕೆ ಮುನಿಸಿಕೊಂಡ ಹಿಂದೂ ಸಂಘಟನೆಗಳ ಮುಖಂಡ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು 62 ಸಾವಿರಕ್ಕೂ ಹೆಚ್ಚು ಮತ ತಗೊಂಡರು. ಬಿಜೆಪಿಗೆ 37 ಸಾವಿರದಷ್ಟು. ಎರಡೂ ಸೇರಿದರೆ ಒಂದು ಲಕ್ಷದ ಹತ್ತಿರ. ಗೆದ್ದದ್ದು 66 ಸಾವಿರ ಪಡೆದ ಕಾಂಗ್ರೆಸ್.

ಕಾಂಗ್ರೆಸ್ ಗೆಲುವನ್ನು ಸಣ್ಣದು ಮಾಡಲು ಇದನ್ನೆಲ್ಲ ಹೇಳುತ್ತಿಲ್ಲ. ಅದರ ಮತ ಶೇ 38.1ರಿಂದ ಶೇ 42.9ಕ್ಕೆ ಏರಿದ್ದು ನಿಜವಾದ ಸಾಧನೆ. 1989ರ ನಂತರ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಆ ಏರಿಕೆ ಬಂದದ್ದು ಎಲ್ಲಿಂದ ಅನ್ನುವುದು ಮುಖ್ಯ. ಬಿಜೆಪಿ ನಿಂತಲ್ಲೇ ಇತ್ತು. ಕುಸಿದದ್ದು ಜೆಡಿಎಸ್, ಶೇ 18.3ರಿಂದ ಶೇ 13.3ಕ್ಕೆ. ಐದು ವರ್ಷದ ಹಿಂದೆ ಏಳೂ ಕಳೆದುಕೊಂಡಿದ್ದ ಮಂಡ್ಯದಲ್ಲಿ ಕಾಂಗ್ರೆಸ್ ಐದು ಗೆದ್ದಿತು.

ಈ ಐದು ಪರ್ಸೆಂಟ್ ಪೆಟ್ಟು ಜೆಡಿಎಸ್ ಮನೆಯ ಬಾಗಿಲನ್ನೇ ಅಲ್ಲಾಡಿಸಿತು. ಕೆಲವೇ ತಿಂಗಳಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಅದು ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮೈತ್ರಿಗೆ 28ರಲ್ಲಿ 19 ಸಿಕ್ಕಿತು. ಕಾಂಗ್ರೆಸ್‌ಗೆ ಶೇ 45ಕ್ಕೂ ಹೆಚ್ಚು ಮತ ಬಿದ್ದರೂ 9 ಸೀಟು. ನೇರ ಸ್ಪರ್ಧೆ ಆದಾಗ 1985ರ ಲೆಕ್ಕವೇ ಮತ್ತೆ ಬಂದಂತಿತ್ತು. ಬೆಂಗಳೂರು ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಕಮಲದ ಚಿಹ್ನೆಯಲ್ಲಿ ನಿಂತು ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು.

ಹಾಗಂತ ಎರಡು ಪಕ್ಷದ ಮತ ಕೂಡಿಸಿದರೆ ಗೆಲುವು ಖಾತ್ರಿ ಅನ್ನುವಂತಿಲ್ಲ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ ನಡೆಯಿತು. ಕುಮಾರಸ್ವಾಮಿ ಬಿಟ್ಟುಕೊಟ್ಟ ಕ್ಷೇತ್ರ, ಅವರ ಮಗ ನಿಖಿಲ್ ಮೈತ್ರಿ ಅಭ್ಯರ್ಥಿ. ಟಿಕೆಟ್ ಸಿಗದ ಸಿ.ಪಿ. ಯೋಗೇಶ್ವರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ 25 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅದೇ ದಿನ ಶಿಗ್ಗಾವಿ, ಸಂಡೂರು ಕೂಡ ಕಾಂಗ್ರೆಸ್ ಪಾಲಾದವು. 2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಮಂಡ್ಯ, ಹಾಸನ, ರಾಮನಗರ, ತುಮಕೂರಿನ ಸೀಟುಗಳನ್ನು ಈ ಎರಡು ಪಕ್ಷಗಳು ಹೇಗೆ ಹಂಚಿಕೊಳ್ಳುತ್ತವೆ, ಸಿಗದವರು ಎಲ್ಲಿ ಹೋಗಿ ನಿಲ್ಲುತ್ತಾರೆ ಅನ್ನುವುದನ್ನು ಈಗಿನಿಂದಲೇ ಗಮನಿಸುತ್ತಿರಬೇಕು.