ಕೋಟೆ ಬುಡದ ಮನೆಗಳು: ನೂರು ಮೀಟರ್ ಲೆಕ್ಕದ ಹಿಂದಿನ ಕಥೆ

ಚಿತ್ರದುರ್ಗದ ಹಳೇ ಊರಿನಲ್ಲಿ ಯಾರಾದರೂ ಮನೆ ಕಟ್ಟುತ್ತೇವೆ ಅಂದರೆ ಎದುರಿಗಿದ್ದವರು ಕೇಳುವುದು ಒಂದೇ ಮಾತು. "ನೂರು ಮೀಟರ್ ಒಳಗೋ, ಹೊರಗೋ?" ಲೆಕ್ಕ ಕೋಟೆಯ ಗಡಿಯಿಂದ. ಸ್ಮಾರಕ ಕಾಯ್ದೆ ಪ್ರಕಾರ ಅಷ್ಟರೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಒಳಗಿದ್ದವರು ಸೋರುವ ಅಡುಗೆಮನೆಗೆ ಹೊಸ ಸೂರು ಹಾಕಬೇಕಾದರೂ ಕಾಗದ ಹಿಡಿದು ಓಡಾಡಬೇಕು. ಅಲ್ಲಿಂದ ಸ್ವಲ್ಪ ಆಚೆ ಮುಖ್ಯರಸ್ತೆಯಲ್ಲಿ ನೀಲಿ ಗಾಜಿನ ಕಟ್ಟಡ ಏಳುತ್ತದೆ. ಅದರ ಹಿಂದೆ ಬೆಟ್ಟವೇ ಮರೆಯಾಗುತ್ತದೆ. ಕಾಯ್ದೆ ಬಡವರ ಮೇಲೆ ಮಾತ್ರ ಅಂತ ಕೆಲವರು ಸಿಟ್ಟಾಗುತ್ತಾರೆ. ಕಾಯ್ದೆ ಇರದಿದ್ದರೆ ಕೋಟೆಗೋಡೆಗೇ ಶೌಚಾಲಯ ಆನಿಸುತ್ತಿದ್ದರು ಅಂತ ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಗೋಜಲು ಅರ್ಥವಾಗಬೇಕಾದರೆ ಕಾಯ್ದೆಗಿಂತ ಹಿಂದಕ್ಕೆ ಹೋಗಬೇಕು.

ಏಳು ಸುತ್ತಿನ ಕೋಟೆಯನ್ನು ಕಟ್ಟಿದವರು ಬೆಟ್ಟವನ್ನು ಮಟ್ಟ ಮಾಡಲಿಲ್ಲ. ಬಂಡೆ ಎಲ್ಲಿ ಎತ್ತರವಾಗಿದೆಯೋ ಅಲ್ಲಿ ಗೋಡೆ ನಿಲ್ಲಿಸಿದರು. ಎರಡು ಬಂಡೆಗಳ ನಡುವಿನ ಸಂದು ತುಂಬಿಸಿದರು. ಕಲ್ಲು ಅಲ್ಲಿಯದೇ. ಸೀಳಲು ಹೊಡೆದ ಉಳಿಯ ಗುಳಿಗಳ ಸಾಲು ಇವತ್ತಿಗೂ ಬಂಡೆಗಳ ಮೇಲೆ ಕಾಣುತ್ತದೆ. ನೀರಿನ ಲೆಕ್ಕವೂ ಹಾಗೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಗ್ಯಾರಂಟಿ ಇಲ್ಲದ ಊರು ಇದು. ಹಾಗಾಗಿ ಬಂಡೆ ಮೇಲೆ ಬಿದ್ದ ನೀರನ್ನು ಸುಮ್ನೆ ಹರಿಯಲು ಬಿಡಲಿಲ್ಲ.

ಕೋಟೆ ನೋಡಲು ಹೋದವರು ಒನಕೆ ಓಬವ್ವನ ಕಿಂಡಿ ನೋಡಿ ಇಳಿದುಬಿಡುತ್ತಾರೆ. ಮೇಲೆ ಅರಮನೆ ಇದ್ದ ಬಯಲಿನಲ್ಲಿ ಎತ್ತರದ ಮಣ್ಣಿನ ಗೋಡೆಗಳಿವೆ. ಸೂರು ಹೋಗಿ ಎರಡು ಶತಮಾನ ದಾಟಿದೆ. ಮಳೆ ಬಿಸಿಲು ನೇರ ಬೀಳುತ್ತಿದೆ. ಆದರೂ ನಿಂತಿವೆ. ಮುಂದಿನ ಸಲ ಹೋದಾಗ ದಯವಿಟ್ಟು ಅವುಗಳ ಹತ್ತಿರ ಐದು ನಿಮಿಷ ನಿಲ್ಲಿ. ಕೆಳಗಿನ ಪೇಟೆಯ ಮನೆಗಳೂ ಅದೇ ಜಾತಿಯವು.

1779ರಲ್ಲಿ ಮದಕರಿ ನಾಯಕರ ಕೋಟೆ ಹೈದರಾಲಿಯ ಕೈ ಸೇರಿತು. 1799ರ ನಂತರ ಮೈಸೂರು ಸಂಸ್ಥಾನದ ಪಾಲಾಯಿತು. ದಂಡು ಹೋಯಿತು, ಪೇಟೆ ಉಳಿಯಿತು. ಹೊರಸುತ್ತಿನ ಗೋಡೆಗಳ ನಡುವೆ ಜನ ಬಾಳಿದರು. ಬುರುಜನಹಟ್ಟಿ, ಆನೆಬಾಗಿಲು, ರಂಗಯ್ಯನ ಬಾಗಿಲು ಅನ್ನುವ ಹೆಸರುಗಳಲ್ಲೇ ಕೋಟೆ ಇದೆ, ಅಲ್ವಾ? ಮುಂದಿನ ನೂರೈವತ್ತು ವರ್ಷ ಮನೆ ಕಟ್ಟುವ ರೀತಿ ಹೆಚ್ಚು ಬದಲಾಗಲಿಲ್ಲ.

ಆ ರೀತಿಗೆ ಮಾಳಿಗೆ ಮನೆ ಅಂತ ಹೆಸರು. ನಾನು ಬೆಳೆದದ್ದು ಅಂಥದ್ದೇ ಮನೆಯಲ್ಲಿ. ಎರಡಡಿ ದಪ್ಪದ ಗೋಡೆ, ಬುಡಕ್ಕೆ ಕಲ್ಲು, ಮೇಲೆ ಮಣ್ಣು. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಕಡ್ಡಿ, ಆಮೇಲೆ ಮಣ್ಣು. ತುದಿಯಲ್ಲಿ ಮೊಣಕಾಲೆತ್ತರದ ಕುಂಬಿ. ಮಳೆನೀರು ಹೊರಬೀಳಲು ಕಲ್ಲಿನ ದೋಣಿ. ನಡುಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಬೀದಿಗೆ ಕಟ್ಟೆ. ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಕರ್ಲು ಮಣ್ಣು ಬರುತ್ತಿತ್ತು. ಅದನ್ನು ಮಾಳಿಗೆ ಮೇಲೆ ಹರಡಿದರೆ ನೀರು ಇಂಗದೆ ಜಾರಿ ಹೋಗುತ್ತದೆ. ಬಿರುಕು ಹುಡುಕಿ ಮೆತ್ತುವುದು ಅಜ್ಜಿಯ ಕೆಲಸ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡಲು ಆಗದಿದ್ದಾಗಲೂ ನಡುಮನೆಯ ನೆಲ ತಣ್ಣಗಿರುತ್ತಿತ್ತು.

ಅದರಲ್ಲಿ ಪವಾಡ ಏನಿಲ್ಲ. ದಪ್ಪ ಮಣ್ಣಿನ ಗೋಡೆಗೆ ಹೊರಗಿನ ಬಿಸಿ ಒಳಮೈಗೆ ತಲುಪಲು ಎಂಟು ಗಂಟೆಗೂ ಜಾಸ್ತಿ ಬೇಕು. ಮಧ್ಯಾಹ್ನದ ಬಿಸಿಲು ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿ, ಹೊರಗೆ ಗಾಳಿ ತಂಪಾಗಿರುತ್ತದೆ. ಬಿಸಿ ಮೇಲಕ್ಕೇರಿ ಬೆಳಕಿಂಡಿಯಿಂದ ಹೊರಹೋಗುತ್ತದೆ. ಹಗಲು ಸುಡುವ, ರಾತ್ರಿ ತಣಿಯುವ ಬಯಲುಸೀಮೆಗೆ ಇದು ಹೇಳಿ ಮಾಡಿಸಿದ ಮನೆ.

ಹಾಗಂತ ಆ ಮನೆಯನ್ನು ಬರೀ ಹೊಗಳಲು ನನಗೆ ಮನಸ್ಸಿಲ್ಲ. ಕತ್ತಲೆ ಜಾಸ್ತಿ. ಗೆದ್ದಲು, ಚೇಳು. ಒಂದು ವರ್ಷ ಮಣ್ಣು ಹಾಕುವುದು ತಪ್ಪಿದರೆ ಪಾತ್ರೆಗಳನ್ನೆಲ್ಲ ಸೋರುವ ಕಡೆ ಇಡಬೇಕು. ಸಾರಿಸಿ, ಮೆತ್ತಿ, ಬಳಿದು ಹೆಂಗಸರ ಸೊಂಟ ಬೀಳುತ್ತಿತ್ತು. ಅಮ್ಮನಿಗೆ ಆ ಮನೆ ಯಾವತ್ತೂ ಇಷ್ಟವಿರಲಿಲ್ಲ. ಅವಳ ಮಾತನ್ನು ಬಿಟ್ಟು ಈ ಕಥೆ ಹೇಳಿದರೆ ತಪ್ಪಾಗುತ್ತದೆ.

ಬದಲಾವಣೆ ಒಂದೇ ಕಡೆಯಿಂದ ಬರಲಿಲ್ಲ. ಮೊದಲು ಸಿಮೆಂಟ್ ಸರ್ಕಾರದ ಹಿಡಿತದಲ್ಲಿತ್ತು, ಪರ್ಮಿಟ್ ಬೇಕಿತ್ತು. 1982ರಲ್ಲಿ ಹಿಡಿತ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅಂಗಡಿಯಲ್ಲಿ ಮೂಟೆ ಸುಲಭವಾಗಿ ಸಿಗತೊಡಗಿತು. ಅದೇ ಹೊತ್ತಿಗೆ ಒಳ್ಳೆಯ ತೊಲೆಯ ಬೆಲೆ ಏರಿತು. ಎತ್ತಿನ ಗಾಡಿಗಳು ಕಡಿಮೆಯಾದವು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂದು, ಎಷ್ಟೋ ಬಡವರಿಗೆ ಮೊದಲ ಸಲ ತಮ್ಮದೇ ಸೂರು ಸಿಕ್ಕಿತು. ಜೊತೆಗೆ ಸರ್ಕಾರಿ ಲೆಕ್ಕದ ಎರಡು ಪದಗಳು ಮನೆಮನೆಗೆ ಬಂದವು: ಕಚ್ಚಾ, ಪಕ್ಕಾ. ಮಣ್ಣಿನದು ಕಚ್ಚಾ, ಸಿಮೆಂಟಿನದು ಪಕ್ಕಾ. ಇನ್ನೂರು ವರ್ಷ ನಿಂತ ಗೋಡೆಯೂ ಕಚ್ಚಾ ಅನ್ನಿಸಿಕೊಂಡಿತು. ಹೆಣ್ಣು ಕೊಡುವವರು "ಮನೆ ಆರ್‌ಸಿಸಿನಾ?" ಅಂತ ಕೇಳುವ ಕಾಲ ಬಂತು.

ನಮ್ಮ ಮನೆ ಕೆಡವಿದ್ದು 1996ರ ಬೇಸಿಗೆಯಲ್ಲಿ. ಎರಡಡಿ ಗೋಡೆ ಇದ್ದಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಬಂತು. ಮೇಲೆ ಐದಿಂಚಿನ ಮೋಲ್ಡ್. ಅಷ್ಟು ತೆಳು ಕಾಂಕ್ರೀಟಿನ ಒಳಮೈ ನಾಲ್ಕೈದು ಗಂಟೆಗೆಲ್ಲ ಕಾದಿರುತ್ತದೆ. ಮನೆಯವರೆಲ್ಲ ಒಳಗಿರುವ ಸಂಜೆ ಹೊತ್ತಿಗೆ ಸರಿಯಾಗಿ ಶಾಖ ತಲೆ ಮೇಲೆ ಸುರಿಯುತ್ತದೆ. ಕಟ್ಟಿಸಿಕೊಟ್ಟವರಿಗೆ ಬೆಳಕಿಂಡಿ ಬಿಡಿ ಅಂತ ಅಪ್ಪ ಎರಡು ಸಲ ಹೇಳಿದ್ದರು. ಸೋರುತ್ತದೆ ಅಂತ ಅವರು ಬಿಡಲಿಲ್ಲ. ಕಟ್ಟೆಯೂ ಹೋಯಿತು, ಅಲ್ಲಿಗೆ ಕಾಂಪೌಂಡ್ ಬಂತು. ಆ ಮುಂದಿನ ವರ್ಷ ಅಜ್ಜಿ ಗೇಟಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಅಮ್ಮನ ಸೊಂಟಕ್ಕೆ ಆರಾಮ ಸಿಕ್ಕಿತು. ಎರಡೂ ನಿಜ. ಒಳ್ಳೆಯ ಬೆಳಕು, ಸೋರದ ಸೂರು, ತಣ್ಣನೆಯ ಮನೆ, ಮೂರೂ ಒಟ್ಟಿಗೆ ಬೇಕು ಅಂತ ಕೇಳುವುದು ಅತಿಯಾಸೆಯೇನಲ್ಲ. ಆ ದಾರಿ ಹುಡುಕುವ ಕೆಲಸವೂ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ, ಸುಡದ ಇಟ್ಟಿಗೆಗಳನ್ನು ರೂಪಿಸಿತ್ತು. 1985ರಲ್ಲಿ ಕೇರಳದ ಕೊಲ್ಲಂನಲ್ಲಿ, ಕಡಿಮೆ ಖರ್ಚಿನಲ್ಲಿ ಕಟ್ಟುವುದನ್ನು ಕಲಿಸುವ ಮೊದಲ ನಿರ್ಮಿತಿ ಕೇಂದ್ರ ಹುಟ್ಟಿತು. ಆಮೇಲೆ ನಮ್ಮ ಜಿಲ್ಲೆಗಳಿಗೂ ಅಂಥ ಕೇಂದ್ರಗಳು ಬಂದವು. ಆದರೆ ಆ ಇಟ್ಟಿಗೆ ಪೇಟೆಯ ಮೇಸ್ತ್ರಿಗಳ ಕೈಗೆ ಅಷ್ಟಾಗಿ ಬರಲಿಲ್ಲ.

ಈಗ ಕಾಯ್ದೆಗೆ ಬರೋಣ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮೂಲ ಕಾಯ್ದೆ 1958ರದು. ಮೀಟರ್ ಲೆಕ್ಕ ಬಂದದ್ದು 1992ರ ಜೂನ್ 16ರ ಅಧಿಸೂಚನೆಯಿಂದ. ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದರೆ ಅನುಮತಿ ಪಡೆದು ಕಟ್ಟಬೇಕಾದ ಜಾಗ. ನಿಷೇಧಿತ ಪ್ರದೇಶದಲ್ಲೂ ವಿಶೇಷ ಅನುಮತಿ ಕೊಡುವ ಪದ್ಧತಿ ಕೆಲವು ಕಾಲ ನಡೆಯಿತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2010ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಈ ಗಡಿಗಳನ್ನು ಗಟ್ಟಿ ಮಾಡಿತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಬಂದದ್ದು ಆ ತಿದ್ದುಪಡಿಯಿಂದಲೇ.

ಒಂದು ಒಂಟಿ ಗುಡಿಗೆ ನೂರು ಮೀಟರ್ ಅಂದರೆ ಸುಲಭ. ಸುತ್ತ ಒಂದು ಗೆರೆ ಎಳೆದರೆ ಮುಗಿಯಿತು. ಚಿತ್ರದುರ್ಗದ ಕೋಟೆ ಹಾಗಿಲ್ಲ. ಅದು ಬೆಟ್ಟ ಸುತ್ತಿ, ಊರಿಗೆ ಇಳಿದು, ಓಣಿ ಓಣಿ ನುಗ್ಗಿದೆ. ಗೋಡೆ ಹೋದಲ್ಲೆಲ್ಲ ಗೆರೆಯೂ ಹೋಗುತ್ತದೆ. ತಲೆತಲಾಂತರದಿಂದ ಗೋಡೆ ಪಕ್ಕ ಬದುಕಿದವರು ಒಂದು ಬೆಳಗ್ಗೆ ನಿಷೇಧಿತ ಪ್ರದೇಶದವರಾದರು. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆಗೆ ಅನುಮತಿ ಪಡೆದು ರಿಪೇರಿ ಮಾಡಿಸಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಆದರೆ ಆಗ ಮನೆ ಇತ್ತು ಅಂತ ತೋರಿಸಲು ಕಾಗದ ಬೇಕು. ಮಾಳಿಗೆ ಮನೆಗೆ ಯಾರು ಪ್ಲ್ಯಾನ್ ಬರೆಸಿದ್ದರು?

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಗೆರೆಯ ಒಳಗಿರಲಿ ಹೊರಗಿರಲಿ, ನಾವು ಅಳೆಯುತ್ತಿರುವುದು ದೂರವನ್ನು ಮತ್ತು ಎತ್ತರವನ್ನು. ಗೋಡೆ ಯಾವುದರದು, ಮಳೆನೀರು ಎಲ್ಲಿಗೆ ಹೋಗುತ್ತದೆ, ಪಡುವಣ ಬಿಸಿಲಿಗೆ ಏನು ಮರೆ ಇದೆ, ಇವು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೂ 2010ರ ತಿದ್ದುಪಡಿಯಲ್ಲಿ ಜಾಗ ಇದೆ. ಪ್ರತಿ ಸ್ಮಾರಕಕ್ಕೂ ಬೇರೆಯದೇ ಪಾರಂಪರಿಕ ಬೈಲಾ, ಅಂದರೆ ಉಪನಿಯಮ, ಆಗಬೇಕು, ಅದರಲ್ಲಿ ಕಟ್ಟಡದ ಮುಂಭಾಗ, ಚರಂಡಿ, ರಸ್ತೆ, ವಿದ್ಯುತ್ ಕಂಬಗಳ ವಿಚಾರವೂ ಇರಬೇಕು ಅಂತ ಅದು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಇದೇ ಮುಖ್ಯ ಭಾಗ. ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು. ಬೈಲಾ ಆಗಿರುವುದು ಅದರಲ್ಲಿ ಕೆಲವಕ್ಕೆ ಮಾತ್ರ. ನಿಷೇಧ ಬೇಗ ಬಂತು. ಹೇಗೆ ಕಟ್ಟಿದರೆ ಚೆಂದ ಅಂತ ಹೇಳುವ ಕೆಲಸ ಹಿಂದೆ ಬಿತ್ತು.

ಮುನ್ನೂರು ಮೀಟರ್ ದಾಟಿದರೆ ನಿಯಮ ಕೇಳುವುದು ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಖಾಲಿ ಜಾಗ), ಅಂತಸ್ತು, ಪಾರ್ಕಿಂಗ್ ಇಷ್ಟೇ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ "ಎಲಿವೇಷನ್", ಅಂದರೆ ಕಟ್ಟಡದ ಮುಂಭಾಗದ ನೋಟ, ಅನ್ನುವ ಮಾತು ಎಲ್ಲರ ಬಾಯಲ್ಲೂ ಬಂತು. ಹೊಳಲ್ಕೆರೆ ರಸ್ತೆಯಲ್ಲಿ, ಬಿ.ಡಿ. ರಸ್ತೆಯಲ್ಲಿ ನಡೆದು ನೋಡಿ. ಕಟ್ಟಡ ಮೊದಲು ಏಳುತ್ತದೆ, ಆಮೇಲೆ ಮುಖಕ್ಕೆ ಎಸಿಪಿ ಅನ್ನುವ ಅಲ್ಯೂಮಿನಿಯಂ ಹೊದಿಕೆಯ ಶೀಟ್, ಗಾಜು ಅಂಟುತ್ತದೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗೆ ಕಾದ ವಸ್ತುಗಳ ಶಾಖವನ್ನು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆಷಾಢದಲ್ಲಿ ಇಲ್ಲಿ ಬೀಸುವ ಗಾಳಿ ನಂಬಿಯೇ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿವೆ. ಅದೇ ಗಾಳಿಗೆ ತೆರೆಯುವ ಕಿಟಕಿ ಈ ಕಟ್ಟಡಗಳಲ್ಲಿ ಇಲ್ಲ. ಎಸಿ ಹಾಕಬೇಕು. ಅದರ ಬಿಸಿ ಪಕ್ಕದ ಓಣಿಗೆ ಹೋಗುತ್ತದೆ.

ಯಾರನ್ನು ದೂರುವುದು? ಬೋರ್ಡ್ ದೂರಕ್ಕೆ ಕಾಣದಿದ್ದರೆ ಬಾಡಿಗೆದಾರ ಬರುವುದಿಲ್ಲ. ಮಾಲೀಕ ಸಾಲ ತೀರಿಸಬೇಕು. ಮೇಸ್ತ್ರಿ ಕಲಿತದ್ದನ್ನು ಕಟ್ಟುತ್ತಾನೆ. ಶಾಖದ ಲೆಕ್ಕ ಕೇಳುವ ನಿಯಮಗಳೂ ಬಂದಿವೆ. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ, ಸೂರು ಬಿಟ್ಟು ಉಳಿದ ಹೊರಮೈಯಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಅನ್ನುತ್ತದೆ. ವಾಣಿಜ್ಯ ಕಟ್ಟಡಗಳ ಸಂಹಿತೆ 2007ರಿಂದಲೇ ಇದೆ. ಆದರೆ ಅದು 100 ಕಿಲೋವ್ಯಾಟ್ ಮತ್ತು ಮೇಲಿನ ವಿದ್ಯುತ್ ಹೊರೆಯ ಕಟ್ಟಡಗಳಿಗೆ. ನಮ್ಮ ಪೇಟೆಯ ಮೂರಂತಸ್ತಿನ ಬಟ್ಟೆ ಅಂಗಡಿ ಆ ಲೆಕ್ಕಕ್ಕೆ ಬರುವುದು ಅಪರೂಪ.

ಕೋಟೆ ಬುಡದಲ್ಲಿರುವ ನಮ್ಮ ನೆಂಟರ ಮನೆಯದು ಈಗ ರಿಪೇರಿ ಅರ್ಜಿ. ಹಳೇ ಕಂದಾಯದ ರಸೀದಿಗಳು ಟ್ರಂಕಿನಲ್ಲಿ ಸಿಕ್ಕವು, ಅದೊಂದು ಪುಣ್ಯ. ಮತ್ತೆ ಮಾಳಿಗೆಯನ್ನೇ ಹಾಕಿಸೋಣ ಅಂತ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದ್ದರು. "ಕೆಲಸ ಬರ್ತದೆ, ಕರ್ಲು ಮಣ್ಣು ಎಲ್ಲಿಂದ ತರ್ತೀರಿ?" ಅಂತ ಅವರು ಕೇಳಿದರು. ಮೊದಲು ಮಣ್ಣು ತರುತ್ತಿದ್ದ ಜಾಗದಲ್ಲಿ ಈಗ ಲೇಔಟ್ ಆಗಿದೆ. ಕೊನೆಗೆ ಹಿಂದಿನ ಎರಡಡಿ ಗೋಡೆ ಹಾಗೇ ಇಟ್ಟು, ಮೇಲೆ ಕಲ್ಲಿನ ಚಪ್ಪಡಿ ಹಾಸುವುದು ಅಂತ ತೀರ್ಮಾನವಾಗಿದೆ. ಬೆಳಕಿಂಡಿಗೆ ಜಾಗ ಗುರುತು ಮಾಡಿದ್ದಾರೆ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.