ಪಾಲನಾ ವ್ಯವಸ್ಥೆಯಿಂದ ಹೊರಬರುವ ಯುವಜನರು ಮತ್ತು ಅನುಪಾಲನೆ: ಒಂದು ಅಧ್ಯಯನ ಟಿಪ್ಪಣಿ

ಹೆತ್ತವರ ಆಸರೆಯಿಲ್ಲದೆ ಪಾಲನಾ ಸಂಸ್ಥೆಗಳಲ್ಲಿಯೋ ಪೋಷಕ ಕುಟುಂಬಗಳಲ್ಲಿಯೋ ಬೆಳೆದ ಮಕ್ಕಳು ಸಾಮಾನ್ಯವಾಗಿ 18 ವರ್ಷ ತುಂಬಿದೊಡನೆ ಕಾನೂನಿನ ಪ್ರಕಾರ ವಯಸ್ಕರಾಗುತ್ತಾರೆ, ಮತ್ತು ಅದುವರೆಗೆ ಅವರನ್ನು ನೋಡಿಕೊಂಡ ವ್ಯವಸ್ಥೆಯ ಮುಖ್ಯ ಹೊಣೆಯೂ ಅಲ್ಲಿಗೆ ಮುಗಿಯುತ್ತದೆ. ಅನಂತರದ ಕೆಲವು ವರ್ಷಗಳ ಕಾಲ ವಸತಿ, ಓದು, ಉದ್ಯೋಗ, ಆರೋಗ್ಯ, ಹಣಕಾಸು ಮತ್ತು ಆಪ್ತಸಲಹೆಯ ರೂಪದಲ್ಲಿ ದೊರೆಯಬೇಕಾದ ನೆರವೇ ಅನುಪಾಲನೆ. ಪರೀಕ್ಷೆಯ ದೃಷ್ಟಿಯಿಂದ ಓದುವವರು ಈ ಸೌಲಭ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುವುದುಂಟು. ಪಟ್ಟಿಯೇನೋ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ನೆರವು ಯಾವಾಗ ಆರಂಭವಾಗುತ್ತದೆ, ಯಾರ ಮೂಲಕ ತಲುಪುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ವಿಷಯದಲ್ಲಿ ವ್ಯವಸ್ಥೆಗಳು ಬೇರೆಬೇರೆಯಾಗಿವೆ, ಮತ್ತು ಸುಧಾರಣೆ ಆಗಬೇಕಾದದ್ದೂ ಅಲ್ಲಿಯೇ.

ಮೊದಲು ಸಮಸ್ಯೆಯ ಸ್ವರೂಪವನ್ನು ಗಮನಿಸೋಣ. ಸ್ವಂತ ಕುಟುಂಬದಲ್ಲಿ ಬೆಳೆದ ಯುವಕ ಯುವತಿಯರು ಮನೆ ಬಿಡುವುದು, ಕೆಲಸ ಹಿಡಿಯುವುದು, ಸ್ವಂತ ಸಂಸಾರ ಹೂಡುವುದು ಇವೆಲ್ಲ ಹಲವು ವರ್ಷಗಳಲ್ಲಿ ಹಂತಹಂತವಾಗಿ ನಡೆಯುತ್ತವೆ. ನಡುವೆ ಕೆಲಸ ಹೋದರೆ ಮನೆಗೆ ಮರಳುವ ದಾರಿಯೂ ತೆರೆದಿರುತ್ತದೆ. ಪಾಲನೆಯಿಂದ ಹೊರಬರುವವರಿಗಾದರೋ ಇವೆಲ್ಲವೂ ಬೇಗನೆ, ಒಮ್ಮೆಲೇ ಎದುರಾಗುತ್ತವೆ. ಈ ಕ್ಷೇತ್ರದ ಪ್ರಮುಖ ಬ್ರಿಟಿಷ್ ಸಂಶೋಧಕ ಮೈಕ್ ಸ್ಟೈನ್ ಅವರು ಒತ್ತಿ ಹೇಳಿದ್ದು ಈ ಇಕ್ಕಟ್ಟಿನ ಮತ್ತು ಅವಸರದ ಸ್ಥಿತ್ಯಂತರವನ್ನೇ. ಹೊರಬಂದವರನ್ನು ಅವರು ಸ್ಥೂಲವಾಗಿ ಮೂರು ಗುಂಪುಗಳಲ್ಲಿ ನೋಡುತ್ತಾರೆ: ಬದುಕನ್ನು ಕಟ್ಟಿಕೊಂಡು ಮುನ್ನಡೆದವರು, ಹೇಗೋ ದಡ ಸೇರಿದವರು, ತೀರ ಕಷ್ಟಕ್ಕೆ ಸಿಲುಕಿದವರು. ಇವು ವ್ಯಕ್ತಿಗಳಿಗೆ ಅಂಟಿಸುವ ಹಣೆಪಟ್ಟಿಗಳಲ್ಲ ಎಂಬುದನ್ನು ನೆನಪಿಡಬೇಕು. ಪಾಲನೆಯ ಅವಧಿಯಲ್ಲಿ ಸ್ಥಿರತೆ ಇತ್ತೇ, ಹೊರಬರುವುದು ನಿಧಾನವಾಗಿ ನಡೆಯಿತೇ, ಅನಂತರ ಯಾರಾದರೂ ಜೊತೆಗಿದ್ದರೇ ಎಂಬುದರ ಮೇಲೆ ಒಬ್ಬನೇ ವ್ಯಕ್ತಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗಬಹುದು.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇದರ ಆಧಾರಪಠ್ಯವೆಂದರೆ ಮಕ್ಕಳ ಪರ್ಯಾಯ ಪಾಲನೆ ಕುರಿತು 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾರ್ಗಸೂಚಿಗಳು. ಅವುಗಳ 131ರಿಂದ 136ನೆಯ ಪರಿಚ್ಛೇದಗಳು ಅನುಪಾಲನೆಗೆ ಮೀಸಲಾಗಿವೆ. ಸಿದ್ಧತೆಯನ್ನು ಸಾಧ್ಯವಾದಷ್ಟು ಬೇಗ, ಹೇಗಿದ್ದರೂ ಮಗು ಹೊರಬರುವುದಕ್ಕೆ ಬಹಳ ಮುಂಚೆಯೇ ಆರಂಭಿಸಬೇಕು, ಆ ಯೋಜನೆಯಲ್ಲಿ ಮಗುವೇ ಪಾಲ್ಗೊಳ್ಳುವಂತೆ ಪ್ರೋತ್ಸಾಹಿಸಬೇಕು, ಸಾಧ್ಯವಿರುವೆಡೆ ಪ್ರತಿ ಮಗುವಿಗೂ ಈ ಕೆಲಸದಲ್ಲಿ ಪರಿಣತಿಯುಳ್ಳ ಒಬ್ಬ ವ್ಯಕ್ತಿಯನ್ನು ಗೊತ್ತುಮಾಡಬೇಕು ಎಂಬ ಮೂರು ಮಾತುಗಳು ಅಲ್ಲಿ ಮುಖ್ಯವಾದವು.

ಇವುಗಳ ಪಕ್ಕದಲ್ಲಿಟ್ಟು ರಾಷ್ಟ್ರೀಯ ಕಾನೂನುಗಳನ್ನು ಓದಿದರೆ ಅಂತರ ಸ್ಪಷ್ಟವಾಗುತ್ತದೆ. ಭಾರತದ 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು 18 ತುಂಬಿ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ನೀಡಬಹುದು ಎನ್ನುತ್ತದೆಯೇ ಹೊರತು ನೀಡಲೇಬೇಕೆಂದು ವಿಧಿಸುವುದಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ ಈ ನೆರವು 21 ವರ್ಷದವರೆಗೆ, ಅಸಾಧಾರಣ ಸಂದರ್ಭಗಳಲ್ಲಿ ಇನ್ನೆರಡು ವರ್ಷ ಮುಂದುವರಿಯಬಹುದು. ಹಣ ನೇರವಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಇಂಗ್ಲೆಂಡಿನಲ್ಲಿ ಪಾಲನೆಯಿಂದ ಹೊರಬರುವ ಮಕ್ಕಳ ಕುರಿತ 2000ದ ಕಾಯ್ದೆಯು ವೈಯಕ್ತಿಕ ಸಲಹೆಗಾರರನ್ನು ನೇಮಿಸುವುದನ್ನೂ ಭವಿಷ್ಯದ ಯೋಜನೆಯನ್ನು ಲಿಖಿತವಾಗಿ ರೂಪಿಸುವುದನ್ನೂ ಸ್ಥಳೀಯ ಆಡಳಿತದ ಕರ್ತವ್ಯವನ್ನಾಗಿಸಿತು, ಮತ್ತು 2017ರ ಕಾಯ್ದೆಯು ಸಲಹೆಗಾರರ ನೆರವನ್ನು ಬಯಸುವವರಿಗೆ 25ರವರೆಗೂ ವಿಸ್ತರಿಸಿತು. ವಿವೇಚನೆಗೆ ಬಿಟ್ಟ ನೆರವು ಆಯವ್ಯಯದಲ್ಲಿ ಹಣ ಕಡಿಮೆಯಾದಾಗ ಮೊದಲು ಕಡಿತಗೊಳ್ಳುತ್ತದೆ. ಕರ್ತವ್ಯವೆಂದು ವಿಧಿಸಿದ್ದನ್ನು ನಿಲ್ಲಿಸಿದರೆ ಯುವಜನರು ಪ್ರಶ್ನಿಸಬಹುದು. ಭಾರತದ ಕಾಯ್ದೆಯ ವ್ಯಾಖ್ಯೆ ಸಾಂಸ್ಥಿಕ ಪಾಲನೆಯಿಂದ ಹೊರಬಂದವರನ್ನಷ್ಟೇ ಹೆಸರಿಸುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಪೋಷಕ ಕುಟುಂಬಗಳ ಮಾರ್ಗ ಬೆಳೆದಂತೆಲ್ಲ ಈ ಮಿತಿ ದೊಡ್ಡದಾಗಿ ಕಾಣಿಸಲಿದೆ.

ಯೋಜನೆಯ ಸಮಯದ ವಿಷಯಕ್ಕೆ ಬಂದರೆ, ಭಾರತದ ಮಾದರಿ ನಿಯಮಗಳಲ್ಲಿ ಬಿಡುಗಡೆಯ ನಂತರದ ಯೋಜನೆಯನ್ನು ಎರಡು ತಿಂಗಳು ಮುಂಚಿತವಾಗಿ ಬಾಲನ್ಯಾಯ ಮಂಡಳಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ಆ ಕೆಲಸ 16–17ರ ವಯಸ್ಸಿನಲ್ಲಿಯೇ ಶುರುವಾಗಿ ಆರು ತಿಂಗಳಿಗೊಮ್ಮೆಯಾದರೂ ಪರಿಶೀಲನೆಗೆ ಒಳಪಡಬೇಕು. ಎರಡು ತಿಂಗಳಲ್ಲಿ ಆಗಬಹುದಾದದ್ದು ಬಹುಮಟ್ಟಿಗೆ ಕಾಗದಪತ್ರದ ಕೆಲಸ, ಮತ್ತು ಅದನ್ನು ಹಗುರವಾಗಿ ಕಾಣುವಂತಿಲ್ಲ: ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಅಂಕಪಟ್ಟಿ, ವಿಳಾಸದ ದಾಖಲೆ ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಾಡಿಗೆ ಮನೆಯಿಂದ ಉದ್ಯೋಗದವರೆಗೆ ಎಲ್ಲವೂ ತಡೆಹಿಡಿದು ನಿಲ್ಲುತ್ತವೆ, ಅದರಲ್ಲಿಯೂ ಸಂಸ್ಥೆಯ ವಿಳಾಸವನ್ನೇ ದಾಖಲೆಗಳಲ್ಲಿ ಹೊಂದಿದವರು ಹೊರಬಂದ ದಿನವೇ ತಮ್ಮ ವಿಳಾಸವನ್ನು ಕಳೆದುಕೊಳ್ಳುತ್ತಾರೆ. ಆದರೆ ಹಣವನ್ನು ತಿಂಗಳ ಕೊನೆಯವರೆಗೆ ಬರುವಂತೆ ಖರ್ಚುಮಾಡುವುದು, ಅಡುಗೆ ಮಾಡಿಕೊಳ್ಳುವುದು, ವೈದ್ಯರ ಬಳಿಗೆ ತಾನೇ ಹೋಗುವುದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಓದುವುದು ಇವು ತರಬೇತಿ ಶಿಬಿರದಲ್ಲಿ ಬರುವ ವಿದ್ಯೆಗಳಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ತೊಡುವ ಬಟ್ಟೆ ಎಲ್ಲವನ್ನೂ ಬೇರೆಯವರು ತೀರ್ಮಾನಿಸುವ ಸಂಸ್ಥೆಯಲ್ಲಿ ಹತ್ತು ವರ್ಷ ಬೆಳೆದ ಮಗುವಿನಿಂದ 18ರ ಮರುದಿನ ಸ್ವತಂತ್ರ ನಿರ್ಧಾರಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಪಾಲನೆಯ ಉದ್ದಕ್ಕೂ, ಸುತ್ತಲಿನ ಸಮುದಾಯದ ಬದುಕಿನಲ್ಲಿ ಬೆರೆಯುವ ಮೂಲಕ ಈ ಕೌಶಲಗಳನ್ನು ಕಲಿಸಬೇಕೆಂದು ಮಾರ್ಗಸೂಚಿಗಳು ಹೇಳಿರುವುದು ಈ ಕಾರಣದಿಂದಲೇ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಅಂಶ ಜೊತೆಗಿರುವ ವ್ಯಕ್ತಿಯದು. ವಸತಿ ಒಂದು ಇಲಾಖೆಯಲ್ಲಿ, ವಿದ್ಯಾರ್ಥಿವೇತನ ಇನ್ನೊಂದರಲ್ಲಿ, ಉದ್ಯೋಗ ತರಬೇತಿ ಮತ್ತೊಂದರಲ್ಲಿ ಇರುವಾಗ ಈ ಮೂರರ ನಡುವೆ ಓಡಾಡುವ ಶಕ್ತಿ ಒಂಟಿಯಾದ ಹತ್ತೊಂಬತ್ತರ ತರುಣಿಗೆ ಇರಬೇಕೆಂದು ಭಾವಿಸಿದರೆ, ನೆರವು ತೀರ ಅಗತ್ಯವಿರುವವರನ್ನೇ ಅದು ಮುಟ್ಟುವುದಿಲ್ಲ. ಸಲಹೆಗಾರರೊಬ್ಬರಿಗೆ ಹೊರಲಾರದಷ್ಟು ಪ್ರಕರಣಗಳನ್ನು ಒಪ್ಪಿಸಿದರೆ, ಅಥವಾ ಆ ಹುದ್ದೆಯಲ್ಲಿರುವವರು ಮೇಲಿಂದ ಮೇಲೆ ಬದಲಾಗುತ್ತಿದ್ದರೆ, ಹುದ್ದೆ ಉಳಿದರೂ ಸಂಬಂಧ ಉಳಿಯುವುದಿಲ್ಲ. ಬಾಲ್ಯದಲ್ಲಿ ಒಬ್ಬೊಬ್ಬರಾಗಿ ಹಿರಿಯರನ್ನು ಕಳೆದುಕೊಂಡವರು ಇನ್ನೊಬ್ಬ ಅಪರಿಚಿತರ ಮುಂದೆ ತಮ್ಮ ಕಥೆಯನ್ನು ಮೊದಲಿನಿಂದ ಹೇಳಲು ಒಪ್ಪದಿರುವುದು ಸಹಜ. ಆದುದರಿಂದ ಪಾಲನೆಯ ಅವಧಿಯಲ್ಲಿಯೇ ಪರಿಚಯವಾದವರು ಹೊರಬಂದ ಮೇಲೂ ಮುಂದುವರಿಯುವಂತೆ ಹುದ್ದೆಯನ್ನು ರೂಪಿಸುವುದು ಒಳ್ಳೆಯದು. ಹಿಂದೆ ಇದೇ ದಾರಿಯಲ್ಲಿ ನಡೆದುಬಂದ ಹಿರಿಯರ ಬಳಗಗಳೂ ಉಪಯುಕ್ತವೇ, ಆದರೆ ಅವರ ಒಳ್ಳೆಯತನವನ್ನು ಸರ್ಕಾರದ ಹೊಣೆಗೆ ಬದಲಿಯಾಗಿ ಬಳಸಬಾರದು.

ವಯೋಮಿತಿಯನ್ನು ಏರಿಸಿದರೆ ಸಾಕೇ? ಅಮೆರಿಕದ ಇಲಿನಾಯ್ಸ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳ ಯುವಜನರನ್ನು ವರ್ಷಗಳ ಕಾಲ ಅನುಸರಿಸಿದ ಮಾರ್ಕ್ ಕೋರ್ಟ್ನಿ ಮತ್ತು ಸಂಗಡಿಗರ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. 21ರವರೆಗೆ ಪಾಲನೆಯಲ್ಲಿ ಉಳಿಯಲು ಅವಕಾಶವಿದ್ದ ಇಲಿನಾಯ್ಸ್‌ನಲ್ಲಿ ಕಾಲೇಜು ಸೇರಿದವರು ಹೆಚ್ಚು. ಆದರೆ ವಸತಿಹೀನತೆಯ ವಿಷಯದಲ್ಲಿ ಆ ಅವಕಾಶ ಸಮಸ್ಯೆಯನ್ನು ಮುಂದೂಡಿದಂತೆ ಕಂಡಿತೇ ಹೊರತು ನಿವಾರಿಸಿದಂತಲ್ಲ. ಅಲ್ಲಿನ ಕೇಂದ್ರ ಸರ್ಕಾರದ 2008ರ ಕಾಯ್ದೆಯು 21ರವರೆಗಿನ ವಿಸ್ತರಣೆಗೆ ಇತರ ರಾಜ್ಯಗಳಿಗೂ ಅನುದಾನದ ದಾರಿ ಮಾಡಿಕೊಟ್ಟಿತು. ವರ್ಷಗಳನ್ನು ಸೇರಿಸುವುದರ ಜೊತೆಗೆ, ಒಮ್ಮೆ ಹೊರಗೆ ಹೋದವರು ಕೆಲಸ ಅಥವಾ ಮನೆ ಕೈತಪ್ಪಿದಾಗ ಹಿಂದಿರುಗಿ ನೆರವು ಕೇಳುವ ಅವಕಾಶವನ್ನು ನಿಯಮದಲ್ಲಿಯೇ ಬರೆಯುವುದು ಅಷ್ಟೇ ಮುಖ್ಯ. ಬೇಸರದಿಂದ 18ಕ್ಕೇ ಬಾಗಿಲು ದಾಟಿ, 20ರಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡವರಿಗೆ ವಯೋಮಿತಿಯ ಏರಿಕೆಯೊಂದರಿಂದಲೇ ಏನೂ ಸಿಗುವುದಿಲ್ಲ.

ಯಾವುದೇ ಅನುಪಾಲನಾ ಯೋಜನೆಯ ವರದಿಯನ್ನು ಓದುವಾಗ ಎಷ್ಟು ಮಂದಿಗೆ ಹಣ ಬಿಡುಗಡೆಯಾಯಿತು ಎಂಬುದಕ್ಕಿಂತ, ಹೊರಬಂದ ಎರಡು ಮೂರು ವರ್ಷಗಳ ಮೇಲೆ ಎಷ್ಟು ಮಂದಿ ಸಂಪರ್ಕದಲ್ಲಿದ್ದಾರೆ ಎಂಬ ಅಂಕಿಯನ್ನು ಹುಡುಕಿರಿ. ಅಮೆರಿಕದಲ್ಲಿ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯೊಂದು ಅದೇ ಯುವಜನರನ್ನು 17, 19 ಮತ್ತು 21ರ ವಯಸ್ಸಿನಲ್ಲಿ ವಿಚಾರಿಸುತ್ತದೆ. ಅಂತಹ ಏರ್ಪಾಡು ಇಲ್ಲದೆಡೆ ಸಂಪರ್ಕ ತಪ್ಪಿದವರು ಲೆಕ್ಕದಿಂದಲೂ ತಪ್ಪಿಹೋಗುತ್ತಾರೆ, ಮತ್ತು ಉಳಿದವರ ಸ್ಥಿತಿಯನ್ನಷ್ಟೇ ನೋಡಿ ಯೋಜನೆ ಯಶಸ್ವಿಯಾಯಿತೆಂಬ ತೀರ್ಮಾನಕ್ಕೆ ಬರುವುದು ಸುಲಭವಾಗುತ್ತದೆ.